ಕೊಂಬೂ ಸುಳಿಯೂ

ಚಿಕ್ಕ ಮಕ್ಕಳಿಗೆ ಅಕ್ಷರವನ್ನು ತಿದ್ದಿಸುವ ಕೆಲಸವು ನೋಡುವವರಿಗೆ ಸುಲಭವಾಗಿ ತೋರುವುದು. ಅದರ ಕಷ್ಟವು ಕೈಹಿಡಿದು ತಿದ್ದಿಸಿದವರಿಗೇ ಗೊತ್ತು. ಈ ಶಾಲೆಯಲ್ಲಿ ಓದಿ ಹೊರಟ ನಾವು ದೊಡ್ಡಬಳ್ಳಾಪುರದ ಸೀಮೆಯ ಹಳ್ಳಿಯೊಂದರಲ್ಲಿ ಬಹುಕಾಲ ಮೊದಲನೆಯ ತರಗತಿಗೆ ಪಾಠ ಹೇಳಿದೆವು. ಅಲ್ಲಿ ಕಂಡುಕೊಂಡ ಒಂದು ಸಂಗತಿಯನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಒಕ್ಕಲಿನ ಮನೆಯ ಮಕ್ಕಳು ಬಿತ್ತನೆಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಶಾಲೆಗೆ ಬಾರದೆ ಹಿಂದುಳಿಯುತ್ತಿದ್ದರು. ಹೆಣ್ಣುಮಗುವಾದರೆ, “ಇವಳಿಗೆ ಅಕ್ಷರ ಹತ್ತದು” ಎಂದು ಬಿಡಿಸಿಯೇಬಿಡುತ್ತಿದ್ದರು. ಇಂತಹ ಮಾತಿಗೆ ಗುರಿಯಾದ ಒಬ್ಬ ಬಾಲಕಿಯು ಬಳಪವನ್ನು ಹಿಡಿದು ಬರಿಯ ಹಲಗೆಯನ್ನೇ ನೋಡುತ್ತ ಕುಳಿತಿರುವಳು. ಒಮ್ಮೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಮಾತು ಬಂದಿತು. ಆಕೆ ಥಟ್ಟನೆ ಎದ್ದು, ತನ್ನ ತಂದೆಯು ತಂದ ಹಳ್ಳಿಕಾರ್ ಎತ್ತುಗಳ ಕೊಂಬು ಹೇಗೆ ಒತ್ತಾಗಿ ಹುಟ್ಟಿ, ಹಿಂದಕ್ಕೆ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗಿವೆಯೆಂಬುದನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಮೈಮೇಲಿನ ಸುಳಿ ಎಲ್ಲಿದೆಯೆಂಬುದನ್ನೂ ಹೇಳಿದಳು. ಗಾಳಿಯಲ್ಲಿ ಇಷ್ಟು ಚೆನ್ನಾಗಿ ಆಡಿದ ಬೆರಳು ಹಲಗೆಯ ಮೇಲೆ ಏಕೆ ಆಡಬಾರದು?

ನಮ್ಮ ಹಿರಿಯರು ಉಕಾರದ ಚಿಹ್ನೆಗೆ ಕೊಂಬು ಎಂದೇ ಹೆಸರಿಟ್ಟಿದ್ದಾರೆ. ಋಕಾರದ ಚಿಹ್ನೆಯು ವಟ್ರಸುಳಿ. ‘ಕೃಷಿ’ ಎಂಬ ಮಾತಿನಲ್ಲಿಯೇ ಆ ಸುಳಿಯುಂಟು. ಕೊಟ್ಟಿಗೆಯ ಮಾತುಗಳು ಅಕ್ಷರಮಾಲೆಯಲ್ಲಿ ಇರುವಾಗ ಕೊಟ್ಟಿಗೆಯ ಮಗುವಿಗೆ ಅಕ್ಷರವು ಅನ್ಯವಾಗಬೇಕಾದುದಿಲ್ಲ.

ಅಂದಿನಿಂದ ನಾವು ಕತೆ ಹೇಳಿ ತಿದ್ದಿಸತೊಡಗಿದೆವು. ಪ್ರಾಣಿಗಳೆಲ್ಲ ತಮ್ಮ ಹೆಸರನ್ನು ಬರೆಯಿಸಿಕೊಳ್ಳಲು ಶಾಲೆಗೆ ಬಂದವಂತೆ. ಕುರಿಗೆ ಮೊದಲಕ್ಷರದಲ್ಲಿಯೇ ಕೊಂಬು ದೊರೆಯಿತು. ಅದು ಬಿದ್ದುಹೋದರೆ ಕುರಿಯು ‘ಕರಿ’ಯಾಗಿ, ಆನೆಯಾಗಿಬಿಡುವುದು! ಹಸುವಿಗೆ ಕಡೆಯಲ್ಲಿ ಕೊಂಬು. ತಲೆಯಲ್ಲಿ ಇನ್ನೂ ಕೊಂಬು ಮೂಡದ ಕರುವಿಗೂ ಹೆಸರಿನಲ್ಲಿ ಕೊಂಬುಂಟು. ಎಲ್ಲಕ್ಕಿಂತ ದೊಡ್ಡ ಕೊಂಬಿನ ಎಮ್ಮೆಗೆ ಮಾತ್ರ ಒಂದೂ ಇಲ್ಲ. ಎಮ್ಮೆಯು ಅತ್ತಿತು. ಮಕ್ಕಳು ಮಕಾರದ ಒತ್ತನ್ನು ಕೊಟ್ಟು ಅದನ್ನು ಸಮಾಧಾನಪಡಿಸಿದರು. ಆಗ ಆ ಬಾಲಕಿಯೇ, ‘ಮ’ ಎಂಬಲ್ಲಿಯೂ ಕೊಂಬಿನಂತಹ ಬಾಗು ಇದೆಯಲ್ಲ ಎಂದು ಕೇಳಿದಳು. ‘ಮ’ದ ಬಾಗು ಗೆರೆಯ ಮೇಲೆ ನಿಲ್ಲುವುದು, ‘ವು’ವಿನ ಕೊಂಬು ಗೆರೆಯ ಕೆಳಗಿಳಿಯುವುದು ಎಂಬ ಭೇದವನ್ನು ನೂರು ಸಲ ತಿದ್ದಿದರೂ ಕಲಿಯದ ಮಕ್ಕಳು ಅಂದು ಒಂದೇ ದಿನದಲ್ಲಿ ಕಲಿತರು.

ಬೆರಳು ಮೊದಲು, ಬಳಪ ಆಮೇಲೆ ಎಂಬುದು ಹೊಸ ಮಾತಲ್ಲ. ಹಿಂದಿನ ಊರಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. 1939ರಲ್ಲಿ ಮದರಾಸಿಗೆ ಬಂದ ಮರಿಯಾ ಮಾಂಟೆಸ್ಸೊರಿಯವರೂ ಉಪ್ಪುಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿಸಿಯೇ ಬರಹವನ್ನು ಕಲಿಸಿದವರು. ನಾವು ಅದಕ್ಕೆ ಕತೆಯನ್ನು ಕೂಡಿಸಿದೆವು, ಅಷ್ಟೆ.

ಆ ಬಾಲಕಿಯು ವರ್ಷದ ಕೊನೆಗೆ ತನ್ನ ಕೊಟ್ಟಿಗೆಯ ದನಗಳ ಹೆಸರನ್ನೆಲ್ಲ ಬರೆದು ತಂದೆಗೆ ತೋರಿಸಿದಳು. ಅವಳನ್ನು ಶಾಲೆಯಿಂದ ಬಿಡಿಸುವ ಮಾತು ಆ ಮನೆಯಲ್ಲಿ ಮತ್ತೆ ಹುಟ್ಟಲಿಲ್ಲ.

ಈಗ ಕಾಲವು ಬೇರೆಯಾಗಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾಯಿತು. ಸುತ್ತಣ ಎಷ್ಟೋ ಹೊಲಗಳು ನಿವೇಶನಗಳಾದವು. ಉಳುಮೆಗೆ ಟ್ರಾಕ್ಟರು ಬಂದಿತು. ಕರುವಿನ ಮೈಯನ್ನು ಒಮ್ಮೆಯೂ ಮುಟ್ಟದ ಮಕ್ಕಳು ಇಂದು ಅದೇ ಸೀಮೆಯ ಶಾಲೆಗಳಿಗೆ ಬರುತ್ತಾರೆ. ಅವರಿಗೆ ಕೊಂಬು ಎಂಬುದು ಬರಿಯ ಗೆರೆ. ಆದುದರಿಂದ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಹಲಗೆಯನ್ನು ಕೈಗೆ ಕೊಡುವ ಮುನ್ನ ಮಗುವನ್ನು ಒಂದು ಕೊಟ್ಟಿಗೆಗೆ ಕರೆದೊಯ್ಯಿರಿ, ಕೊಂಬನ್ನೂ ಸುಳಿಯನ್ನೂ ತೋರಿಸಿ ಒಂದು ಕತೆಯನ್ನು ಹೇಳಿರಿ. ಅಕ್ಷರವು ದುಂಡಗಾಗುವುದಕ್ಕೆ ಆಮೇಲೆ ಬೇಕಾದಷ್ಟು ಕಾಲವಿದೆ.