ಒಡೆಯನಿಲ್ಲದ ಕಥೆ

ಆಟವೆಂದೊಡನೆ ಸೋಲುಗೆಲುವುಗಳು ನೆನಪಿಗೆ ಬರುವುದು ಲೋಕರೂಢಿ. ಚದುರಂಗದಲ್ಲಿ ಒಬ್ಬನ ರಾಜನು ಸೆರೆಬೀಳಬೇಕು. ಪಗಡೆಯಲ್ಲಿ ಒಬ್ಬನ ಕಾಯಿಗಳು ಮೊದಲು ಹಣ್ಣಾಗಬೇಕು. ಗೆಲ್ಲುವವನೂ ಇಲ್ಲದೆ, ಪಣವೂ ಇಲ್ಲದೆ, ನಾಲ್ಕೈದು ಮಂದಿ ಮೇಜೊಂದರ ಸುತ್ತ ಕುಳಿತು ಮೂರು ನಾಲ್ಕು ಗಂಟೆಗಳ ಕಾಲ ಬಹುಮಟ್ಟಿಗೆ ಮಾತಿನಿಂದಲೇ ಆಡುವ ಆಟವೊಂದುಂಟೆಂದರೆ ಹಿರಿಯರು ಅದನ್ನು ಹರಟೆಯೆಂದೇ ಕರೆದಾರು. ಆದರೂ ಅದು ಆಟವೇ ಸರಿ. ಅದಕ್ಕೆ ನಿಯಮಗಳುಂಟು, ದಾಳಗಳುಂಟು, ನಡೆಸುವವನೊಬ್ಬನುಂಟು. ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರುಗೊಂಡಿರುವ ಇದನ್ನು ಕನ್ನಡದಲ್ಲಿ ಪಾತ್ರಧಾರಣೆಯ ಆಟವೆಂದು ಕರೆಯಬಹುದು.

ಇದರ ಕ್ರಮವು ಸರಳವಾದುದು. ಆಡುವ ಪ್ರತಿಯೊಬ್ಬನೂ ಒಂದೊಂದು ಪಾತ್ರವನ್ನು ವಹಿಸುತ್ತಾನೆ: ಒಬ್ಬನು ಯೋಧ, ಒಬ್ಬಳು ಮಂತ್ರವಾದಿನಿ, ಇನ್ನೊಬ್ಬನು ಕಳ್ಳ. ಆ ಪಾತ್ರದ ಬಲ, ಬುದ್ಧಿ, ಚಾತುರ್ಯಗಳನ್ನು ಅಂಕಿಗಳಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತಾನೆ. ನಡೆಸುವವನಿಗೆ ಮಾತ್ರ ಹೀಗೆ ತನ್ನದೆನ್ನುವ ಒಂದು ಪಾತ್ರವಿಲ್ಲ. ಉಳಿದ ಲೋಕವೆಲ್ಲವೂ ಅವನದೇ. ಕಾಡು, ಕೋಟೆ, ಮಳೆ, ಶತ್ರು, ಅಂಗಡಿಯವನು, ಎಲ್ಲವನ್ನೂ ಅವನೇ ನುಡಿದು ತೋರಿಸಬೇಕು. “ಬಾಗಿಲು ಮುಚ್ಚಿದೆ, ಒಳಗಿನಿಂದ ಯಾರೋ ಹಾಡುವುದು ಕೇಳಿಸುತ್ತಿದೆ, ಏನು ಮಾಡುವಿರಿ?” ಆಟದ ಜೀವವೆಲ್ಲ ಈ ಕಡೆಯ ಪ್ರಶ್ನೆಯಲ್ಲಿದೆ. ಉತ್ತರಕ್ಕೆ ಎಲ್ಲೆಯಿಲ್ಲ. ಮಾಡಹೊರಟ ಕಾರ್ಯದ ಫಲವು ಸಂದಿಗ್ಧವಾಗಿದ್ದಾಗ ದಾಳವನ್ನು ಉರುಳಿಸುತ್ತಾರೆ. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ಈ ದಾಳಗಳು ಪ್ರಾಚೀನ ಗ್ರೀಕರ ರೇಖಾಗಣಿತದಲ್ಲಿ ಪ್ರಸಿದ್ಧವಾದ ಐದು ಸಮಘನಾಕೃತಿಗಳೇ ಆಗಿವೆ; ಮೊದಲಿಗರಿಗೆ ಇವು ದೊರೆತದ್ದು ಶಾಲೆಗಳಿಗೆ ಬೋಧನೋಪಕರಣಗಳನ್ನು ಒದಗಿಸುವವರ ಪಟ್ಟಿಯಲ್ಲಿ.

ಈ ಆಟದ ಹುಟ್ಟು ಮಾತ್ರ ಯುದ್ಧದಲ್ಲಿ. ಪ್ರಷ್ಯಾ ದೇಶದ ಸೇನಾಧಿಕಾರಿ ರೈಸ್ವಿಟ್ಸ್ ಎಂಬವನು ತನ್ನ ತಂದೆಯ ಕೆಲಸವನ್ನು ಮುಂದುವರಿಸಿ 1824ರಲ್ಲಿ ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧದ ಆಟವನ್ನು ಪ್ರಕಟಿಸಿದನು. ನಕ್ಷೆಯ ಮೇಲೆ ದಳಗಳನ್ನು ನಡೆಸುವ ಇಬ್ಬರ ನಡುವೆ ಒಬ್ಬ ಮಧ್ಯಸ್ಥನಿದ್ದು, ಅವರ ಆಜ್ಞೆಗಳನ್ನು ಕೇಳಿ, ದಾಳವನ್ನು ಹಾಕಿ ಫಲವನ್ನು ಹೇಳುತ್ತಿದ್ದನು. ನಿಯಮಗಳು ಬೆಳೆಬೆಳೆದು ಭಾರವಾದಾಗ, 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ಲೆಕ್ಕಾಚಾರಗಳನ್ನು ಬದಿಗಿಟ್ಟು ಮಧ್ಯಸ್ಥನ ವಿವೇಕವನ್ನೇ ನಂಬಬೇಕೆಂದು ವಾದಿಸಿದನು. ನಿಯಮವು ದೊಡ್ಡದೋ ನಡೆಸುವವನ ವಿವೇಕವು ದೊಡ್ಡದೋ ಎಂಬ ಅಂದಿನ ಚರ್ಚೆಯು ಇಂದಿಗೂ ಮುಗಿದಿಲ್ಲ.

ಯುದ್ಧದ ಆಟವು ಪಾತ್ರದ ಆಟವಾಗಿ ತಿರುಗಿದ ಸಂಜೆಯ ವೃತ್ತಾಂತವು ಮನನೀಯವಾಗಿದೆ. ಅಮೆರಿಕದ ಮಿನೆಸೋಟಾ ಪ್ರಾಂತದ ಅವಳಿ ನಗರಗಳಲ್ಲಿ ಯುದ್ಧದ ಆಟಗಳನ್ನು ಆಡುವ ಮಿತ್ರವೃಂದವೊಂದಿತ್ತು. ಅದರಲ್ಲಿದ್ದ ಡೇವಿಡ್ ವೆಸ್ಲಿ 1969ರಲ್ಲಿ ನೆಪೋಲಿಯನ್ನನ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವನ್ನು ನಿರ್ಮಿಸಿ, ಅದರ ಹೊರಗೆ ನಡೆಯಬೇಕಾದ ಕಾಳಗವೊಂದನ್ನು ಯೋಜಿಸಿದನು. ಅಂದು ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ಬಂದುದರಿಂದ ಉಳಿದವರಿಗೂ ಕೆಲಸವಿರಲೆಂದು ಒಬ್ಬನನ್ನು ಪುರಾಧ್ಯಕ್ಷನನ್ನಾಗಿ, ಒಬ್ಬನನ್ನು ಲೇವಾದೇವಿಯವನನ್ನಾಗಿ, ಒಬ್ಬನನ್ನು ವಿಶ್ವವಿದ್ಯಾನಿಲಯದ ಕುಲಪತಿಯನ್ನಾಗಿ ಮಾಡಿ, ಪ್ರತಿಯೊಬ್ಬನಿಗೂ ಒಂದು ಗುಟ್ಟಿನ ಉದ್ದೇಶವನ್ನು ಕೊಟ್ಟನು. ಒಬ್ಬೊಬ್ಬರನ್ನೇ ಬೇರೆಯ ಕೋಣೆಗೆ ಕರೆದು ಅವರವರ ನಡೆಯನ್ನು ಕೇಳಬೇಕೆಂಬುದು ಅವನ ಏರ್ಪಾಡು. ಆದರೆ ಸರದಿಗಾಗಿ ಕಾಯುತ್ತಿದ್ದವರು ಸುಮ್ಮನಿರಲಿಲ್ಲ. ತಮ್ಮ ತಮ್ಮ ಪಾತ್ರಗಳಲ್ಲಿಯೇ ನಿಂತು ಪರಸ್ಪರ ಮಾತಿಗೆ, ಸಂಚಿಗೆ, ಚೌಕಾಸಿಗೆ ತೊಡಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ಸಿದ್ಧರಾದರು. ಅದಕ್ಕೆ ನಿಯಮವೇ ಇರಲಿಲ್ಲ. ಕಾಳಗವು ಹಿಂದೆ ಸರಿಯಿತು, ಪಟ್ಟಣವು ಜೀವತಳೆಯಿತು. ವೆಸ್ಲಿಗೆ ಮಾತ್ರ ತನ್ನ ಆಟವು ಕೈತಪ್ಪಿ ಕೆಟ್ಟುಹೋಯಿತೆಂದೇ ಅನ್ನಿಸಿತು. ಅಂಥ ಆಟವನ್ನು ಮತ್ತೊಮ್ಮೆ ಯಾವಾಗ ನಡೆಸುವೆಯೆಂದು ಗೆಳೆಯರು ಕೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಒಂದು ಹೊಸ ಕಲೆಯು ಕಣ್ಣುಬಿಟ್ಟ ಗಳಿಗೆಯನ್ನು ಅದರ ಜನಕನೇ ಸೋಲೆಂದು ತಿಳಿದನು.

ಆ ವೃಂದದಲ್ಲಿದ್ದ ಡೇವ್ ಆರ್ನೆಸನ್ ಎಂಬ ತರುಣನು ಈ ಬೀಜವನ್ನು ‘ಬ್ಲಾಕ್‌ಮೂರ್’ ಎಂಬ ಕಲ್ಪಿತ ನಾಡಿನಲ್ಲಿ ಬಿತ್ತಿ, ಗೆಳೆಯರನ್ನು ಕೋಟೆಯ ಕೆಳಗಣ ನೆಲಮಾಳಿಗೆಗಳಲ್ಲಿ ಅಲೆಯಿಸಿದನು. 1972ರ ಕಡೆಯಲ್ಲಿ ಅವನು ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಊರಿಗೆ ಹೋಗಿ ಗ್ಯಾರಿ ಗೈಗಾಕ್ಸ್ ಎಂಬವನಿಗೆ ಅದನ್ನು ಆಡಿಸಿ ತೋರಿಸಿದನು. ಗೈಗಾಕ್ಸ್ ವಿಮಾಕಂಪನಿಯ ಕೆಲಸವನ್ನು ಕಳೆದುಕೊಂಡು ಪಾದರಕ್ಷೆಗಳನ್ನು ದುರಸ್ತಿಮಾಡಿ ಜೀವಿಸಿದವನು. ಬರೆಯುವುದರಲ್ಲಿ ಮಾತ್ರ ದಣಿವರಿಯದವನು. ಅವನು ನಿಯಮಗಳನ್ನು ಗ್ರಂಥರೂಪಕ್ಕೆ ತಂದನು. 1974ರಲ್ಲಿ ಮೂರು ಸಣ್ಣ ಪುಸ್ತಕಗಳು ಒಂದು ಪೆಟ್ಟಿಗೆಯಲ್ಲಿ, ಸಾವಿರ ಪ್ರತಿಗಳಾಗಿ, ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಿಂದ ಹೊರಬಂದವು. ನೆಲಮಾಳಿಗೆಗಳು ಮತ್ತು ಘಟಸರ್ಪಗಳು ಎಂದು ಅದರ ಅರ್ಥ. ಮುಖಪುಟದಲ್ಲಿ ಇಬ್ಬರ ಹೆಸರೂ ಇತ್ತು.

ಇಂಥ ಆಟವನ್ನು ನಡೆಸುವ ಕಷ್ಟವು ನಡೆಸಿದವನಿಗೇ ಗೊತ್ತು. ಹೊಸಬನಾದ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಎಂಟು ದಿನ ಶ್ರಮಪಟ್ಟು ಅವನು ಗುಹೆಯೊಂದರ ನಕ್ಷೆಯನ್ನು ಬರೆದಿದ್ದಾನೆ. ಹನ್ನೆರಡು ಕೋಣೆಗಳು, ಕೋಣೆಗೊಂದು ಅಪಾಯ, ಕಡೆಯಲ್ಲಿ ನಿಧಿಯ ಮೇಲೆ ಮಲಗಿದ ಘಟಸರ್ಪ. ಗುಹೆಯ ಬಾಯಲ್ಲಿ ಮುದುಕನೊಬ್ಬನನ್ನು ಕೂರಿಸಿದ್ದಾನೆ. ಎರಡು ಎಚ್ಚರಿಕೆಯ ಮಾತು ಹೇಳುವುದಷ್ಟೇ ಅವನ ಕೆಲಸ. ಅಷ್ಟರಲ್ಲಿ ಆಡುವವಳೊಬ್ಬಳು, “ಅಜ್ಜಾ, ನಿಮ್ಮ ಊಟವಾಯಿತೇ?” ಎಂದು ಕೇಳಿಬಿಡುತ್ತಾಳೆ. ಆ ಮುದುಕನಿಗೆ ಯುವಕನು ಹೆಸರನ್ನು ಕೂಡ ಇಟ್ಟಿರಲಿಲ್ಲ. ಗಳಿಗೆ ಹೊತ್ತು ತಡವರಿಸಿ, “ಇಲ್ಲವಮ್ಮ, ಒಳಗೆ ಹೋದ ಮಗ ಬರಲಿ ಎಂದು ಕಾಯುತ್ತಿದ್ದೇನೆ, ಮೂರು ದಿನವಾಯಿತು” ಎಂದು ನುಡಿಯುತ್ತಾನೆ. ಅಲ್ಲಿಂದ ಮುಂದೆ ನಿಧಿಯನ್ನು ಕೇಳುವವರೇ ಇಲ್ಲ. ಮುದುಕನನ್ನು ಊರಿಗೆ ಕರೆದೊಯ್ದು ಅವನಿಗೆ ಅನ್ನ ಹಾಕಿಸಬೇಕೆಂದು ಎಲ್ಲರೂ ನಿಶ್ಚಯಿಸುತ್ತಾರೆ.

ಈಗ ಯುವಕನ ಮುಂದೆ ಎರಡು ದಾರಿಗಳು. ಒಂದು, ಊರಿನ ದಾರಿಗೆ ಬಂಡೆಯನ್ನುರುಳಿಸಿ ಎಲ್ಲರನ್ನೂ ಗುಹೆಯೊಳಕ್ಕೆ ನೂಕುವುದು. ಇದನ್ನು ಆಡುವವರು ರೈಲುಹಳಿಗೆ ಹೋಲಿಸಿ ಹಳಿಯುತ್ತಾರೆ. ಗಾಡಿ ಚಲಿಸುತ್ತದೆ, ಆದರೆ ತಿರುಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಇನ್ನೊಂದು, ನಕ್ಷೆಯನ್ನು ಮಡಿಸಿಡುವುದು. ಅವನು ಮಡಿಸಿಡುತ್ತಾನೆ. ಮುದುಕನನ್ನು ಒಪ್ಪಿಸಲು ದಾಳವನ್ನು ಉರುಳಿಸುತ್ತಾರೆ. ಹದಿನೈದು ಬೇಕಾದಲ್ಲಿ ಮೂರು ಬೀಳುತ್ತದೆ. ಮುದುಕನು ಕೈಬಿಡಿಸಿಕೊಂಡು, ಮಗನ ಹೆಸರನ್ನು ಕೂಗುತ್ತ ಗುಹೆಯ ಕತ್ತಲೊಳಗೆ ಓಡಿಬಿಡುತ್ತಾನೆ. ಮೇಜಿನ ಸುತ್ತ ಒಂದು ನಿಮಿಷ ಮೌನ. ಬಳಿಕ ಎಲ್ಲರೂ ಪಂಜುಗಳನ್ನು ಹೊತ್ತಿಸಿ ಅವನ ಹಿಂದೆ ನುಗ್ಗುತ್ತಾರೆ. ಮಡಿಸಿದ ನಕ್ಷೆಯು ಮತ್ತೆ ಬಿಚ್ಚಿಕೊಳ್ಳುತ್ತದೆ. ಗುಹೆಯು ಅದೇ, ಕೋಣೆಗಳು ಅವೇ. ಒಳಹೊಕ್ಕ ಕಾರಣವು ಮಾತ್ರ ಬೇರೆ. ಲೋಭದ ಕಥೆಯು ಕರುಣೆಯ ಕಥೆಯಾಯಿತು. ಇದನ್ನು ಮಾಡಿದವರು ಯಾರು? ನಕ್ಷೆ ಬರೆದವನೇ, ಊಟವಾಯಿತೇ ಎಂದವಳೇ, ಮೂರು ತೋರಿದ ದಾಳವೇ? ಕೌರವಸಭೆಯ ದಾಳವು ಮನುಷ್ಯರನ್ನೇ ಪಣವಾಗಿ ನುಂಗಿತು. ಈ ದಾಳವು ಯಾರ ಸೊತ್ತನ್ನೂ ಕಸಿಯದು. ಕಥೆಯನ್ನು ಮಾತ್ರ ಎಲ್ಲರ ಕೈಯಿಂದಲೂ ಕಸಿದು ಎಲ್ಲರಿಗೂ ಸಮನಾಗಿ ಹಂಚುತ್ತದೆ. ನಡೆಸುವವನನ್ನು ಸೂತ್ರಧಾರನೆಂದು ಕರೆಯಬಹುದೆಂದು ಮೊದಲು ತೋರುತ್ತದೆ; ಆದರೆ ಇಲ್ಲಿ ಗೊಂಬೆಗಳೇ ದಾರವನ್ನೆಳೆಯುತ್ತವೆ.

ಇನ್ನು ವಿಮರ್ಶೆಯ ಮಾತು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಭಾಗಿಸಿದ್ದಾನೆ: ಕವಿಗೆ ನೆರವಾಗುವುದು ಕಾರಯಿತ್ರೀ, ಭಾವಕನಿಗೆ ನೆರವಾಗುವುದು ಭಾವಯಿತ್ರೀ. ಕಾವ್ಯದಲ್ಲಿ ಕಟ್ಟುವವನೊಬ್ಬ, ಸವಿಯುವವನೊಬ್ಬ. ಈ ಆಟದಲ್ಲಾದರೋ ಕಟ್ಟುವವರೇ ಸವಿಯುವವರು, ಮೇಜಿನಿಂದಾಚೆಗೆ ಪ್ರೇಕ್ಷಕನಿರಬೇಕಾಗಿಲ್ಲ. ಆದುದರಿಂದ ನಿಯಮಗ್ರಂಥವನ್ನು ಓದಿದ ಮಾತ್ರಕ್ಕೆ ಆಟದ ಗುಣದೋಷಗಳನ್ನು ನಿರ್ಣಯಿಸಲು ಬಾರದು. ಪ್ರಸಂಗದ ಪದ್ಯಗಳನ್ನು ಓದಿ ತಾಳಮದ್ದಳೆಯ ಅರ್ಥಗಾರಿಕೆಯನ್ನು ಅಳೆದವರುಂಟೇ? ಅಚ್ಚಿನ ಅಂದ, ಚಿತ್ರಗಳ ಸೊಬಗು, ಭಾಷೆಯ ಬೆಡಗು ಓದುವವನನ್ನು ಮರುಳುಗೊಳಿಸಬಹುದು. ಮೂರನೆಯ ಗಂಟೆಯಲ್ಲಿ ಆಟವು ಎಲ್ಲಿ ಕುಂಟುವುದೆಂಬುದು ಆಡಿದವನಿಗೇ ತಿಳಿಯುವುದು. ಲೀ ಗೋಲ್ಡ್ ಎಂಬ ಮಹಿಳೆಯು 1975ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಎಂಬ ಪತ್ರಿಕೆಯು ಇದಕ್ಕೆ ಒಳ್ಳೆಯ ದಾರಿಯನ್ನು ತೋರಿಸಿತು. ಸದಸ್ಯರು ತಮ್ಮ ತಮ್ಮ ಪುಟಗಳನ್ನು ಬರೆದು ಕಳುಹಿಸುವರು. ಆಕೆಯು ಅವನ್ನು ಒಟ್ಟುಗೂಡಿಸಿ ಎಲ್ಲರಿಗೂ ಅಂಚೆಯಲ್ಲಿ ಹಂಚುವಳು. ತಾವು ಆಡಿದ ಆಟದ ವೃತ್ತಾಂತ, ತೊಡಕಾದ ನಿಯಮ, ಅದಕ್ಕೆ ಕಂಡ ಪರಿಹಾರ, ಹಿಂದಿನ ಸಂಚಿಕೆಯಲ್ಲಿ ಇತರರು ಬರೆದುದಕ್ಕೆ ಉತ್ತರ, ಇವೇ ಅದರ ಸಾಮಗ್ರಿ. ಅಲ್ಲಿ ವಿಮರ್ಶಕನು ಎತ್ತರದ ಪೀಠದಲ್ಲಿರಲಿಲ್ಲ, ಪಕ್ಕದ ಕುರ್ಚಿಯಲ್ಲಿದ್ದನು. ದಶಕಗಳ ಕಾಲ ಆ ಪತ್ರಿಕೆಯು ನಡೆಯಿತು.

ಆದರೆ ಕಥೆಯು ಎಲ್ಲರದೆಂಬ ಈ ತತ್ತ್ವವನ್ನು ಬಾಳಿನಲ್ಲಿ ನಡೆಸುವುದು ಕಠಿನ. ಆಟವು ಹೆಸರುವಾಸಿಯಾಗಿ ಹಣವು ಹರಿದುಬಂದಾಗ ಕರ್ತೃತ್ವದ ಪ್ರಶ್ನೆಯೆದ್ದಿತು. 1977ರಿಂದ ಹೊರಬಂದ ವಿಸ್ತೃತ ಗ್ರಂಥಗಳಲ್ಲಿ ಗೈಗಾಕ್ಸನೊಬ್ಬನೇ ಕರ್ತೃವಾದನು, 1979ರಲ್ಲಿ ಆರ್ನೆಸನ್ ನ್ಯಾಯಾಲಯದ ಮೆಟ್ಟಿಲನ್ನೇರಿದನು, 1981ರಲ್ಲಿ ರಾಜಿಯಾಯಿತು. 1985ರಲ್ಲಿ ಗೈಗಾಕ್ಸನೂ ತಾನು ಸ್ಥಾಪಿಸಿದ ಸಂಸ್ಥೆಯ ಹಿಡಿತವನ್ನು ಕಳೆದುಕೊಂಡನು. 2008ರ ಮಾರ್ಚಿಯಲ್ಲಿ ಗೈಗಾಕ್ಸ್, 2009ರ ಏಪ್ರಿಲಿನಲ್ಲಿ ಆರ್ನೆಸನ್ ತೀರಿಕೊಂಡರು. ಯಾರ ಭಾಗವೆಷ್ಟೆಂದು ಅಭಿಮಾನಿಗಳು ಇಂದಿಗೂ ತೂಗುತ್ತಿರುತ್ತಾರೆ. ನಾಲ್ವರ ಬಾಯಲ್ಲಿ ಹುಟ್ಟಿದ ಮಾತು ಯಾರದೆಂದು ಕೇಳದಿರುವುದನ್ನು ಲೋಕಕ್ಕೆ ಕಲಿಸಿದ ಆಟ. ಅದನ್ನು ಕೊಟ್ಟವರೇ ಅದು ಯಾರದೆಂದು ಕೇಳಬೇಕಾಯಿತು. ಇದರಲ್ಲಿ ನಗುವಂಥದೇನೂ ಇಲ್ಲ. ಹಸಿವೂ ಹೆಸರಿನ ಆಸೆಯೂ ಮನುಷ್ಯರಿಗೆ ಸಹಜವಾದುವು. ಮೇಜಿನ ಬಳಿ ಅವನ್ನು ಕೆಲವು ಗಂಟೆ ಮರೆಯಬಹುದು, ಎದ್ದೊಡನೆ ಅವು ಬಾಗಿಲಲ್ಲಿ ಕಾದಿರುತ್ತವೆ.

ರಾತ್ರಿಯಾಗುತ್ತದೆ. ದಾಳಗಳು ಚೀಲವನ್ನು ಸೇರುತ್ತವೆ, ಹಾಳೆಗಳು ಮಡಿಕೆಯಾಗುತ್ತವೆ. ಮುದುಕನ ಮಗನು ಸಿಕ್ಕನೋ ಇಲ್ಲವೋ ಎಂಬುದು ಐವರಿಗೆ ಮಾತ್ರ ಗೊತ್ತು. ಅದನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಒಬ್ಬನು, “ನೀನು ಅವನ ಊಟವನ್ನು ಕೇಳದೆ ಇದ್ದಿದ್ದರೆ!” ಎನ್ನುತ್ತಾನೆ. ಅವಳು, “ನೀವು ಯಾರೂ ಅವನ ಹಿಂದೆ ಓಡದೆ ಇದ್ದಿದ್ದರೆ!” ಎನ್ನುತ್ತಾಳೆ. ಕಥೆಯನ್ನು ಹೀಗೆ ಒಬ್ಬರು ಇನ್ನೊಬ್ಬರ ಕೈಗಿಡುತ್ತ ಹೋಗುವುದೇ ಈ ಆಟದ ಗೆಲುವು. ಇದಕ್ಕೆ ಬೇರೆ ಗೆಲುವು ಇಲ್ಲ, ಬೇಕಾಗಿಯೂ ಇಲ್ಲ.