ಕೆಲೆವೆಲೆ ತಿಂದಿದ್ದೀರಾ?

ಕಳಿತ ಬಾಳೆಹಣ್ಣಿಗೆ ಶುಂಠಿ, ಮೆಣಸಿನಕಾಯಿ ಅರೆದು ಸವರಿ, ಎಣ್ಣೆಯಲ್ಲಿ ಕರಿದು ತಿನ್ನುತ್ತಾರೆ ಅಂದರೆ ನೀವು ಮುಖ ಸಿಂಡರಿಸುತ್ತೀರಿ. ನನಗೆ ಗೊತ್ತು, ನಾನೂ ಹಾಗೇ ಸಿಂಡರಿಸಿದವಳು. ಬಾಳೆಹಣ್ಣು ಅಂದರೆ ನಮಗೆ ರಸಾಯನ, ಸೀಕರಣೆ, ಹೆಚ್ಚೆಂದರೆ ಮಂಗಳೂರು ಬನ್ಸು. ಖಾರಕ್ಕೆ ಬಾಳೆಕಾಯಿ ಇದೆಯಲ್ಲ, ಹಣ್ಣಿನ ಗತಿ ಯಾಕೆ ಹಾಳುಮಾಡಬೇಕು ಅಂತ. ಆದರೆ ಇವತ್ತು ನಮ್ಮ ಮೈಸೂರಿನ ಮನೆಯಲ್ಲಿ ಮಳೆ ಬಂದ ಸಂಜೆ ಮಕ್ಕಳು ಕೇಳುವುದು ಬಜ್ಜಿ, ಬೋಂಡಾ ಅಲ್ಲ, ಕೆಲೆವೆಲೆ. ಹೆಸರೇ ಬಾಯಿಗೆ ಆಟವಾಡಿದ ಹಾಗಿದೆ ನೋಡಿ!

2013ರಲ್ಲಿ ನಮ್ಮವರಿಗೆ ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. ರಾಜಧಾನಿ ಆಕ್ರಾದ ಓಸು ಎಂಬ ಬಡಾವಣೆಯಲ್ಲಿ ಮನೆ. ಹಿಂದೆ ಡೇನ್ಮಾರ್ಕಿನವರು ಕಟ್ಟಿದ ಬಿಳಿಯ ಕೋಟೆಯೊಂದು ಅಲ್ಲೇ ಸಮುದ್ರದ ದಂಡೆಯಲ್ಲಿದೆ. ಭೂಮಧ್ಯರೇಖೆಗೆ ಹತ್ತಿರದ ಊರಾದ್ದರಿಂದ ವರ್ಷವಿಡೀ ಸಂಜೆ ಆರರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಅಲ್ಲಿಗೆ ಹಗಲಿನ ಆಕ್ರಾ ಮುಗಿದು ರಾತ್ರಿಯ ಆಕ್ರಾ ಶುರು. ಹಗಲೆಲ್ಲ ತಲೆಯ ಮೇಲೆ ತಟ್ಟೆ, ಬುಟ್ಟಿ ಹೊತ್ತು, ಬೆನ್ನಿಗೆ ಕೂಸನ್ನು ಬಟ್ಟೆಯಲ್ಲಿ ಬಿಗಿದುಕೊಂಡು ವ್ಯಾಪಾರ ಮಾಡುವ ಹೆಂಗಸರು. ಕತ್ತಲಾಗುತ್ತಲೇ ಬೀದಿಯ ಮೂಲೆಮೂಲೆಯಲ್ಲಿ ಒಲೆ ಹೂಡಿ ಕೂರುವವರೂ ಹೆಂಗಸರೇ. ಹೊಸದಾಗಿ ಹೋದಾಗ, ಈ ಊರಲ್ಲಿ ಗಂಡಸರು ಏನು ಮಾಡ್ತಾರಪ್ಪ ಅಂತ ನಮ್ಮವರನ್ನು ಕೇಳಿ ಬೈಸಿಕೊಂಡೆ.

ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಹೆಂಗಸು ಕೂರುತ್ತಿದ್ದಳು. ವಯಸ್ಸು ಐವತ್ತರ ಮೇಲೆ. ಅಲ್ಲಿಯೂ ಹಿರಿಯ ಹೆಂಗಸರನ್ನು ‘ಆಂಟಿ’ ಅಂತಲೇ ಕರೆಯುತ್ತಾರೆ ಅಂತ ತಿಳಿದು ನನಗೆ ಅರ್ಧ ಊರೇ ಪರಿಚಯವಾದ ಹಾಗಾಯಿತು. ದೊಡ್ಡ ಬಾಣಲೆ, ಇದ್ದಿಲು ಒಲೆ, ಹಿಂದೆ ಒಂದು ಮರದ ಸ್ಟೂಲು, ಪಕ್ಕದಲ್ಲಿ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಕೆಂಪಗೆ ಮಸಾಲೆ ಹಚ್ಚಿದ ಹೋಳು. ಎಣ್ಣೆಗೆ ಬಿದ್ದ ಕೂಡಲೇ ಶುಂಠಿ, ಲವಂಗ, ಸುಟ್ಟ ಸಕ್ಕರೆ ಮೂರೂ ಬೆರೆತ ಒಂದು ವಾಸನೆ ಏಳುತ್ತಿತ್ತು. ಆ ವಾಸನೆ ನಮ್ಮ ಎರಡನೇ ಮಹಡಿಯ ಕಿಟಕಿಗೂ ಬರುತ್ತಿತ್ತು ಅಂದರೆ ನಂಬಿ.

ಆದರೂ ಮೊದಲ ಎರಡು ತಿಂಗಳು ನಾನು ಅತ್ತ ಸುಳಿಯಲಿಲ್ಲ. ಯಾಕೆ ಅಂತೀರಾ? ಅವಳ ಕಾಲ ಬಳಿಯ ಬುಟ್ಟಿ ನೋಡಿದ್ದೆ. ಅದರಲ್ಲಿದ್ದ ಹಣ್ಣಿನ ಸಿಪ್ಪೆಯೆಲ್ಲ ಕಪ್ಪು ಕಪ್ಪು! ನಮ್ಮಲ್ಲಾದರೆ ಹಸುವಿನ ಮುಂದೆ ಹಾಕುವಂಥವು. ಕೊಳೆತ ಹಣ್ಣಿಗೆ ಮಸಾಲೆ ಬಳಿದು ಜನರಿಗೆ ತಿನ್ನಿಸುತ್ತಿದ್ದಾಳೆ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಮನೆಯಲ್ಲಿಯೇ ಶುಚಿಯಾಗಿ ಮಾಡೋಣ ಅಂತ ಒಳ್ಳೆ ಹಸಿರು ಕಾಯಿ ತಂದು, ಹೋಳು ಮಾಡಿ, ಖಾರ ಹಚ್ಚಿ ಕರಿದೆ. ಬಾಳೆಕಾಯಿ ಪಲ್ಯವನ್ನು ಎಣ್ಣೆಯಲ್ಲಿ ಕರಿದ ಹಾಗಿತ್ತು, ಬಿರುಸು. ನಮ್ಮವರು ಎರಡು ಹೋಳು ತಿಂದು ನೀರು ಕುಡಿದರು.

ಕೊನೆಗೆ ನನ್ನನ್ನು ಆ ಮೂಲೆಗೆ ಕಳಿಸಿದ್ದು ಕರೆಂಟು. ಆ ವರ್ಷಗಳಲ್ಲಿ ಘಾನಾದಲ್ಲಿ ವಿದ್ಯುತ್ತಿನ ಬರಗಾಲ. ‘ದುಮ್‌ಸೋರ್’ ಅಂತ ಅದಕ್ಕೊಂದು ಹೆಸರನ್ನೇ ಇಟ್ಟಿದ್ದರು. ಅಲ್ಲಿನ ಟ್ವಿ ಭಾಷೆಯಲ್ಲಿ ಆರಿಸು-ಹಚ್ಚು ಅಂತ ಅರ್ಥ. 2015ರ ಮೊದಲಲ್ಲಂತೂ 24 ಗಂಟೆ ಇಲ್ಲ, 12 ಗಂಟೆ ಉಂಟು. ಒಂದು ಸಂಜೆ ಮನೆಯಲ್ಲಿ ಕತ್ತಲು, ಕರೆಂಟು ಒಲೆ ತಣ್ಣಗೆ, ಮಗ ಹಸಿವು ಅಂತ ಅಳು. ಕಿಟಕಿಯಿಂದ ನೋಡಿದರೆ ಇಡೀ ಬೀದಿಗೆ ಅವಳದೊಂದೇ ಬೆಳಕು. ಇಳಿದು ಹೋದೆ. ಮೀನು ಕರಿದ ಎಣ್ಣೆಯೋ ಅಂತ ಮೊದಲು ಕೇಳಿದೆ, ನಮ್ಮದು ಸಸ್ಯಾಹಾರ ನೋಡಿ. ಇಲ್ಲ, ಈ ಬಾಣಲೆಗೆ ಬಾಳೆ ಬಿಟ್ಟು ಬೇರೇನೂ ಬೀಳೋದಿಲ್ಲ ಅಂದಳು. (ನೀವು ಅತ್ತ ಹೋದರೆ ಇದನ್ನು ತಪ್ಪದೆ ಕೇಳಿ. ಎಲ್ಲರೂ ಹಾಗಿರುವುದಿಲ್ಲ.) ಎರಡು ಸೆಡಿ ಕೊಟ್ಟೆ. ಸೆಡಿ ಅಂದರೆ ಅಲ್ಲಿನ ರೂಪಾಯಿ. ಕಾಗದದಲ್ಲಿ ಬಿಸಿ ಹೋಳು ಸುರಿದು, ಮೇಲೆ ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ ಹಾಕಿ ಕಟ್ಟಿಕೊಟ್ಟಳು.

ಅಂಚು ಗರಿಗರಿ, ಒಳಗೆ ಹಲ್ವದಂತೆ ಮೆತ್ತಗೆ. ಮೊದಲು ಸಿಹಿ, ಆಮೇಲೆ ಶುಂಠಿ, ಎಲ್ಲ ನುಂಗಿದ ಮೇಲೆ ಖಾರ. ಮೆಟ್ಟಿಲ ಮೇಲೆಯೇ ಅರ್ಧ ಪೊಟ್ಟಣ ಖಾಲಿ. ಮಗನಿಗೆ ಎಂದು ತಂದದ್ದು!

ಮರುದಿನವೇ ಹೋಗಿ ನನ್ನ ಹಸಿರು ಕಾಯಿಯ ಕಥೆ ಹೇಳಿದೆ. ಅವಳು ನಕ್ಕ ನಗುವಿಗೆ ಪಕ್ಕದ ಟ್ಯಾಕ್ಸಿಯವನೂ ತಿರುಗಿ ನೋಡಿದ. “ಸಿಸ್ಟರ್, ಹಣ್ಣು ಕಪ್ಪಾಗೋವರೆಗೂ ನಾನು ಕಾಯೋದು, ನೀವು ಓಡಿಹೋಗ್ತೀರಲ್ಲ!” ಅಂದಳು. ಹಸಿರು ಕಾಯಿ ಬೇಯಿಸಿ ಕುಟ್ಟಿ ಮುದ್ದೆಯಂಥ ಫುಫುವಿಗೆ. ಇನ್ನೂ ಪೂರ್ತಿ ಕಳಿಯದ್ದು ಕೆಂಡದ ಮೇಲೆ ಸುಟ್ಟು ಕಡಲೆಬೀಜದ ಜೊತೆ ತಿನ್ನಲಿಕ್ಕೆ. ಕಾಸಿಲ್ಲದವನ ಊಟ ಅಂತ ತಮಾಷೆಗೆ ಅದಕ್ಕೆ ‘ಕೋಫಿ ಬ್ರೋಕ್‌ಮ್ಯಾನ್’ ಅನ್ನುತ್ತಾರೆ. ಹಳದಿಯ ಮೇಲೆ ಕಪ್ಪು ಹರಡಿ, ಒತ್ತಿದರೆ ಬೆರಳು ಒಳಗೆ ಹೋಗುವಷ್ಟಾದರೆ ಆಗ ಕೆಲೆವೆಲೆ. ಪಿಷ್ಟವೆಲ್ಲ ಸಕ್ಕರೆಯಾಗುವ ಹೊತ್ತು ಅದು. ಬಾಳೆ ಬೆಳೆಯುವುದು ದೂರದ ಕುಮಾಸಿ ಕಡೆಯ ಕಾಡುಸೀಮೆಯಲ್ಲಿ. ಸುಮಾರು 250 ಕಿಲೋಮೀಟರು ಲಾರಿಯಲ್ಲಿ ಬಂದು, ಮಾರುಕಟ್ಟೆಯಲ್ಲಿ ಕೂತು ಕಪ್ಪಿಟ್ಟಾಗ ಬೆಲೆ ಇಳಿಯುತ್ತದೆ. ಆಂಟಿ ಕೊಳ್ಳುವುದು ಆಗ. ಒಂದು ದಿನ ಮುಂಚೆ ಕೊಂಡರೆ ದುಬಾರಿ, ಒಂದು ದಿನ ತಡವಾದರೆ ಹಣ್ಣು ಎಣ್ಣೆಯಲ್ಲಿ ಕರಗಿಹೋಗುತ್ತದೆ. ಆ ಒಂದು ದಿನದ ಲೆಕ್ಕದಲ್ಲಿ ಎಣ್ಣೆ, ಇದ್ದಿಲು, ಮೊಮ್ಮಗಳ ಶಾಲೆಯ ಫೀಸು, ಎಲ್ಲವೂ ಹೊರಡಬೇಕು.

ಇಷ್ಟೆಲ್ಲ ತಿಳಿದೂ ನಾನು ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಅಲ್ಲಿ ಕರಿದ ತಿಂಡಿಗೆ ಚೌಕಾಸಿ ಇಲ್ಲ. ಇಷ್ಟು ದುಡ್ಡಿಗೆ ಕೊಡಿ ಅನ್ನಬೇಕು, ಕೊಟ್ಟಷ್ಟು ತಗೋಬೇಕು. ಆದರೆ ಪರಿಚಯದವರಿಗೆ ಮೇಲೆ ನಾಲ್ಕು ಹೋಳು ಹಾಕುತ್ತಾರೆ, ಅದಕ್ಕೆ ‘ಡ್ಯಾಶ್’ ಅಂತ ಹೆಸರು. ನಮ್ಮ ಕೊಸರೇ! ಹೂವಿನವಳ ಹತ್ತಿರ ಒಂದು ಗೇಣು ಕೊಸರು ಬಿಡದೆ ಬೆಳೆದ ನನಗೆ ಅದು ಹಕ್ಕಿನಂತೆ ಕಂಡಿತು. 2014ರಲ್ಲಿ ಸೆಡಿಯ ಬೆಲೆ ವಿಪರೀತ ಕುಸಿಯಿತು, ಎಣ್ಣೆಯಿಂದ ಹಿಡಿದು ಎಲ್ಲವೂ ಏರಿತು. ಆಂಟಿ ಎರಡು ಸೆಡಿಯನ್ನು ಎರಡೇ ಇಟ್ಟಳು, ಹೋಳು ಕಡಿಮೆ ಮಾಡಿದಳು. ನಾನು ಮನೆಗೆ ತಂದು ಎಣಿಸಿದೆ ನೋಡಿ, ಇಪ್ಪತ್ತಿದ್ದದ್ದು ಹದಿನಾಲ್ಕು! ಮರುದಿನ ನಾಲ್ಕು ಗಿರಾಕಿಗಳ ಮುಂದೆ ಕೇಳಿಬಿಟ್ಟೆ: “ಏನು ಆಂಟಿ, ನೀವೂ ಮೋಸ ಶುರು ಮಾಡಿದ್ರಾ?”

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸುಮ್ಮನೆ ಆರು ಹೋಳು ಹಾಕಿ, ಗಿರಾಕಿಗಳೆಲ್ಲ ಹೋದ ಮೇಲೆ ಸ್ಟೂಲು ನನ್ನ ಕಡೆ ತಳ್ಳಿ ಹೇಳಿದಳು, ಅವಳ ಅಮ್ಮ ಮಕೋಲಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರುತ್ತಿದ್ದಳಂತೆ.

ಮಕೋಲಾ ಆಕ್ರಾದ ನಡುಮಧ್ಯದ ಸಂತೆ, 1924ರಲ್ಲಿ ಕಟ್ಟಿದ್ದು. ಅಲ್ಲಿ ಹೆಂಗಸರದೇ ರಾಜ್ಯಭಾರ. ಟೊಮೆಟೊಗೊಬ್ಬ ರಾಣಿ, ಗೆಡ್ಡೆಗೊಬ್ಬ ರಾಣಿ ಅಂತ ಒಂದೊಂದು ಸರಕಿಗೂ ಹಿರಿಯಳೊಬ್ಬಳು. ಜಗಳ ಬಿಡಿಸುವವಳು, ಸಾಲ ಕೊಡಿಸುವವಳು, ಸತ್ತರೆ ಮಣ್ಣಿಗೆ ನಿಲ್ಲುವವಳು ಅವಳೇ. 1970ರ ದಶಕದ ಕೊನೆಗೆ ಘಾನಾದಲ್ಲಿ ಸರಕಾರ ನೋಟು ಅಚ್ಚು ಹಾಕಿದ್ದೇ ಹಾಕಿದ್ದು. 1977ರಲ್ಲಿ ಒಂದೇ ವರ್ಷದಲ್ಲಿ ಬೆಲೆಗಳು ಇಮ್ಮಡಿಯಾದವು. ಅಂಗಡಿಯಲ್ಲಿ ಸಾಬೂನಿಲ್ಲ, ಹಾಲಿನ ಡಬ್ಬಿ ಇಲ್ಲ. ಕಾರಣ ಯಾರು? ಎದುರಿಗೆ ಕಣ್ಣಿಗೆ ಕಾಣುವವಳು ಬುಟ್ಟಿ ಇಟ್ಟುಕೊಂಡ ಹೆಂಗಸು. ಕಳ್ಳಲಾಭಕ್ಕೆ ‘ಕಲಬುಲೆ’ ಎಂಬ ಮಾತು ಊರೆಲ್ಲ ಹಬ್ಬಿತು. 1979ರ ಜೂನ್‌ನಲ್ಲಿ ಜೆರ್ರಿ ರಾಲಿಂಗ್ಸ್ ನೇತೃತ್ವದಲ್ಲಿ ಸೈನಿಕರು ಅಧಿಕಾರ ಹಿಡಿದರು. ವ್ಯಾಪಾರದ ಹೆಂಗಸರನ್ನು ಜನರೆದುರೇ ಬೆತ್ತದಿಂದ ಹೊಡೆದರು. ಆಗಸ್ಟ್‌ನಲ್ಲಿ ಮಕೋಲಾದ ಮೊದಲನೆಯ ಮಾರುಕಟ್ಟೆಯನ್ನು ಸಿಡಿಮದ್ದಿಟ್ಟು ಉರುಳಿಸಿ ನೆಲಸಮ ಮಾಡಿದರು. ಅದಾದ ಮೇಲೂ ಬೆಲೆ ಇಳಿಯಲಿಲ್ಲ.

“ಅಮ್ಮನ ಗಂಟೆಲ್ಲ ಅಲ್ಲೇ ಹೋಯ್ತು. ಮಾರನೇ ವಾರ ಅಜ್ಜಿಯ ಬಾಣಲೆ ತಂದು ರಸ್ತೆಯಲ್ಲಿ ಕೂತಳು. ಇದೇ ಬಾಣಲೆ,” ಅಂದು ಜಾರದಿಂದ ಅದರ ಕಂಠ ತಟ್ಟಿದಳು. ಠಣ್ ಅಂತು. ಮತ್ತೆ ಹೋಳು ಮಗುಚತೊಡಗಿದಳು.

ನನಗೆ ಕೈಯಲ್ಲಿದ್ದ ಪೊಟ್ಟಣ ಭಾರವಾಯಿತು. ಸಾರಿ ಹೇಳಿದೆ, ಅವಳು ತಲೆಯಾಡಿಸಿದಳು, ಅಷ್ಟೇ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಒಬ್ಬಳೇ ಇದ್ದಾಗ ಹೇಳಿದ ಸಾರಿ ಎಷ್ಟರದು? ಅದಾದ ಮೇಲೆ ಹೋಳು ಎಣಿಸಲಿಲ್ಲ. ಅವಳು ಮಾತ್ರ ನಾವು ಊರು ಬಿಡುವ ತನಕ ಡ್ಯಾಶ್ ನಿಲ್ಲಿಸಲಿಲ್ಲ. ಮಸಾಲೆಯ ಅಳತೆಯನ್ನೂ ಕೊಟ್ಟಳು. ಅಳತೆ ಅಂದರೆ ಏನು, ಅಂಗೈಯಲ್ಲಿ ತೋರಿಸಿದ್ದು. ಒಳಗೆ ಗೀರು ಕೊರೆದ ಮಣ್ಣಿನ ಬೋಗುಣಿಯಲ್ಲಿ, ಅದಕ್ಕೆ ‘ಅಸಂಕ’ ಅನ್ನುತ್ತಾರೆ, ಮರದ ಗುಂಡಿನಿಂದ ಅರೆಯುವುದು.

ಈಗ ನಮ್ಮ ಅಡುಗೆಮನೆಗೆ ಬನ್ನಿ. ಏಲಕ್ಕಿ ಬಾಳೆ, ಪಚ್ಚಬಾಳೆ ಖಂಡಿತ ಬೇಡ. ನಾನು ಪಚ್ಚಬಾಳೆಯಲ್ಲಿ ಮಾಡಿ, ಬಾಣಲೆ ಉಜ್ಜುತ್ತ ಒಂದು ಭಾನುವಾರ ಕಳೆದೆ. ಬೇಕಾದ್ದು ನೇಂದ್ರ. ಅದೂ ಘಾನಾದ ಬಾಳೆಯೂ ಒಂದೇ ಗುಂಪಿಗೆ ಸೇರಿದ ತಳಿಗಳು. ಮಂಗಳೂರು, ಕೊಡಗಿನವರಿಗೆ ಹೇಳಬೇಕಾಗಿಲ್ಲ. ಉಳಿದವರು ಕೇರಳದವರ ಅಂಗಡಿಯಲ್ಲಿ ಕೇಳಿ. ಸಿಪ್ಪೆ ಅರ್ಧದಷ್ಟಾದರೂ ಕಪ್ಪಾದ ಮೂರು ಹಣ್ಣು ಸಾಕು. ಹಸಿರಿದ್ದರೆ ಕಾಗದದಲ್ಲಿ ಸುತ್ತಿ ನಾಲ್ಕೈದು ದಿನ ಬಿಡಿ, ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಅಲ್ಲಿ ಸಿಪ್ಪೆ ಕಪ್ಪಾಗುತ್ತದೆಯೇ ಹೊರತು ಒಳಗೆ ಸಿಹಿಯಾಗುವುದಿಲ್ಲ.

ಎರಡು ಇಂಚು ಶುಂಠಿ, ನೆನೆಸಿದ ಒಣಮೆಣಸಿನಕಾಯಿ ಐದು (ಮೂರು ಗುಂಟೂರು, ಬಣ್ಣಕ್ಕೆ ಎರಡು ಬ್ಯಾಡಗಿ), ಲವಂಗ ಮೂರು, ಸೋಂಪು ಅರ್ಧ ಚಮಚ, ಸಣ್ಣ ಈರುಳ್ಳಿಯ ಅರ್ಧ, ಮುಕ್ಕಾಲು ಚಮಚ ಉಪ್ಪು. ಆದಷ್ಟು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಅರೆಯಿರಿ. ಜಾಯಿಕಾಯಿ ಒಂದು ಚಿಟಿಕೆ ತೇಯ್ದು ಹಾಕುವವರೂ ಇದ್ದಾರೆ. ಅಲ್ಲಿನ ಕೆಲವರು ಏಲಕ್ಕಿಯ ಬಳಗದ ಒಂದು ಕಾಡುಕಾಳನ್ನೂ ಸೇರಿಸುತ್ತಾರೆ, ನಮ್ಮಲ್ಲಿ ಸಿಗದು, ಕಾಳುಮೆಣಸು ನಾಲ್ಕು ಹಾಕಿ. ಹಣ್ಣನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಓರೆಯಾಗಿ ಮುಕ್ಕಾಲು ಇಂಚಿನ ಹೋಳು ಮಾಡಿ. ಮಸಾಲೆ ಹಚ್ಚಿ ಕಾಲು ಗಂಟೆ ಬಿಟ್ಟರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಉಪ್ಪಿಗೆ ನೀರು ಬಿಟ್ಟು ಎಣ್ಣೆ ಸಿಡಿಯುತ್ತದೆ, ಮುಖ ಜೋಪಾನ. ಎಣ್ಣೆ ಚೆನ್ನಾಗಿ ಕಾದ ಮೇಲೆ ಉರಿ ಮಧ್ಯಮಕ್ಕೆ ಇಳಿಸಿ, ಸ್ವಲ್ಪ ಸ್ವಲ್ಪವೇ ಹಾಕಿ. ಮೊದಲ ಒಂದು ನಿಮಿಷ ಕೈಯಾಡಿಸಬೇಡಿ, ಹೋಳು ಮುರಿಯುತ್ತದೆ. ಹಣ್ಣಿನ ಸಕ್ಕರೆ ಬೇಗ ಸೀಯುತ್ತದೆ, ಆದ್ದರಿಂದ ಒಲೆ ಬಿಟ್ಟು ಫೋನ್ ಎತ್ತಲು ಹೋಗಬೇಡಿ. ಅಂಚು ಕಡುಕಂದು ಆದಾಗ ತೆಗೆದು, ಹುರಿದ ಕಡಲೆಕಾಯಿ ಬೀಜದ ಜೊತೆ ಬಿಸಿಬಿಸಿ ತಿನ್ನಿ. ಆರಿದರೆ ಮೆತ್ತಗಾಗುತ್ತದೆ, ಡಬ್ಬಿಗೆ ಕಟ್ಟಿಕೊಡುವ ತಿಂಡಿ ಇದಲ್ಲ.

ನಮ್ಮ ಹಣ್ಣಿನಂಗಡಿಯವನು ಮೊದಲ ಸಲ ಕಪ್ಪು ನೇಂದ್ರ ಆರಿಸುವುದು ಕಂಡು “ಹಸುವಿಗಾ ಅಮ್ಮಾ?” ಅಂತ ಪುಕ್ಕಟೆ ಕೊಟ್ಟಿದ್ದ. ನಾನೇ ದಡ್ಡಿ, ಮಾಡಿದ್ದನ್ನು ಒಂದು ತಟ್ಟೆ ಕೊಂಡುಹೋಗಿ ಕೊಟ್ಟೆ. ಈಗ ಕಪ್ಪಾದದ್ದನ್ನು ಬೇರೆಯೇ ತೆಗೆದಿಟ್ಟು ಪೂರ್ತಿ ಬೆಲೆಗೆ ತೂಗುತ್ತಾನೆ!

ತೀರಾ ಮೆತ್ತಗಾಗಿ ಹೋಳು ನಿಲ್ಲದ ಹಣ್ಣು ಉಳಿದಿದ್ದರೆ ಎಸೆಯಬೇಡಿ. ಆಂಟಿ ಎಸೆಯುತ್ತಿರಲಿಲ್ಲ. ಇದೇ ಮಸಾಲೆಯ ಜೊತೆ ಕಿವುಚಿ, ಹಿಡಿಯುವಷ್ಟು ಅಕ್ಕಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ ಕಾವಲಿಯ ಮೇಲೆ ಅಂಗೈಯಗಲ ತಟ್ಟಿ, ಎಣ್ಣೆ ಬಿಟ್ಟು ಎರಡೂ ಬದಿ ಬೇಯಿಸಿ. ಅದಕ್ಕೆ ಅಲ್ಲಿ ‘ತತಾಲೆ’ ಅನ್ನುತ್ತಾರೆ. ಅವರು ಕಾಳು ಬೇಯಿಸಿದ್ದರ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಅಲಸಂದೆ ಉಸಲಿಯ ಜೊತೆ ನಡೆಯುತ್ತಿದೆ.