ಎಂಜಿನ್ ಆರುವವರೆಗೆ

ಎಂಜಿನ್ ತಣ್ಣಗಾಗಲಿ ಎಂದು ಬೆಂಕಿ ಕಾಯಿಸುತ್ತ ಕೂತವರು ನಾವು. ಬಂದಳಿಕೆಯ ಹೊರಗೆ, ಭತ್ತದ ಕಣದ ಅಂಚಿನಲ್ಲಿ. ಮಾರ್ಗಶಿರದ ಚಳಿ. ಕಣ ಕಾಯುತ್ತಿದ್ದ ಅಜ್ಜ ತನ್ನ ಬೆಂಕಿಗೆ ಇನ್ನೆರಡು ಕೊರಡು ಸೇರಿಸಿ ನಮಗೂ ಜಾಗ ಮಾಡಿಕೊಟ್ಟಿದ್ದ. ಹತ್ತು ಮಾರು ಆಚೆ ಚಿಕ್ಕಪ್ಪನ ಜೀಪು ಬಾನೆಟ್ ಎತ್ತಿಕೊಂಡು ಉಸ್ಸೆನ್ನುತ್ತಿತ್ತು.

ಆ ಜೀಪಿನ ಕಥೆ ಸ್ವಲ್ಪ ಹೇಳಬೇಕು. ಗುಜರಿ ಸೇರುವುದರಲ್ಲಿದ್ದ ಹಳೇ ಮಹೀಂದ್ರ. ಒಳಗಿದ್ದದ್ದು ಎಕ್ಸ್‌ಡಿಪಿ 4.90, ನಾಲ್ಕು ಸಿಲಿಂಡರಿನ 2112 ಸಿಸಿ ಡೀಸೆಲ್ ಎಂಜಿನ್. 1979ರಲ್ಲಿ ಫ್ರಾನ್ಸಿನ ಪೆಜೋ ಕಂಪನಿಯಿಂದ ಪರವಾನಗಿ ಪಡೆದು ಮಹೀಂದ್ರದವರು ಇಲ್ಲೇ ತಯಾರಿಸಿದ್ದು. ಚಿಕ್ಕಪ್ಪ ಅದನ್ನು ಹಿತ್ತಲಲ್ಲಿ ನಿಲ್ಲಿಸಿಕೊಂಡು, ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗಲೆಲ್ಲ ಒಂದೊಂದು ಭಾಗ ರಿಪೇರಿ ಮಾಡಿಸುತ್ತಿದ್ದರು. ಎಲ್ಲ ಆಯಿತು, ನೀರಿನ ಕಾಟ ಮಾತ್ರ ಹೋಗಲಿಲ್ಲ. ಹೋಸ್ ಪೈಪು ಬದಲಾಯಿತು, ವಾಟರ್ ಪಂಪು ಹೊಸದು ಬಂತು, ರೇಡಿಯೇಟರಿಗೆ ಬೆಸುಗೆಯೂ ಬಿತ್ತು. ಆದರೂ ಶಿರಾಳಕೊಪ್ಪಕ್ಕೆ ಹೋಗಿಬಂದರೆ ಲೀಟರಿನಷ್ಟು ನೀರು ಮಾಯ. ನಿಲ್ಲಿಸಿದ ಜಾಗದಲ್ಲಿ ನೋಡಿದರೆ ನೆಲದ ಮೇಲೆ ಒಂದು ಹನಿಯಿಲ್ಲ.

ಅವತ್ತು ಚಿಕ್ಕಮ್ಮನನ್ನೂ ನಮ್ಮನ್ನೂ ತುಂಬಿಕೊಂಡು ಬಂದಳಿಕೆಯ ಗುಡಿಗಳನ್ನು ತೋರಿಸಲು ಹೊರಟಿದ್ದರು. ಬರುವಾಗ ಬಿಸಿಯ ಮುಳ್ಳು ಮೇಲೆ ಮೇಲೆ ಆಡಿತು. ಮರಳುವಾಗ ಕೆಂಪು ದಾಟಿ ನಿಂತಿತು. ಕಣದ ಅಜ್ಜ ಪಾಪ, ಕೊಡ ನೀರು ಹೊತ್ತು ಓಡಿ ಬಂದ. ಎಂಜಿನ್ ಮೇಲೆ ಸುರಿಯುವುದರಲ್ಲಿದ್ದ, ಚಿಕ್ಕಪ್ಪ ಕೈ ಹಿಡಿದರು. ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಟ್ಟೀತು. ರೇಡಿಯೇಟರಿನ ಮುಚ್ಚಳ ತೆಗೆಯುವಂತೆಯೂ ಇಲ್ಲ. ಒಳಗಿನ ಒತ್ತಡ ಒಮ್ಮೆಲೇ ಇಳಿದರೆ ಕಾದ ನೀರು ಉಗಿಯಾಗಿ ಮುಖಕ್ಕೇ ಚಿಮ್ಮುತ್ತದೆ. ಶಿರಾಳಕೊಪ್ಪದ ಮೇಸ್ತ್ರಿಗೆ ಫೋನ್ ಹೋಯಿತು.

ಮೇಸ್ತ್ರಿ ಬೈಕಿನಲ್ಲಿ ಬಂದರು. ಸ್ಪ್ಯಾನರಿನ ಚೀಲ ಬಿಚ್ಚಲೇ ಇಲ್ಲ. ಬಟ್ಟೆ ಸುತ್ತಿ ಮೇಲಿನ ಹೋಸ್ ಪೈಪನ್ನು ಹಿಚುಕಿ ನೋಡಿದರು. ಬ್ಯಾಟರಿ ಹಿಡಿದು ಜೀಪಿನ ಕೆಳಗೆ ತೂರಿದರು. ಎದ್ದು ಬಂದು ಬೆಂಕಿಗೆ ಕೈಯೊಡ್ಡಿ, "ಆರಲಿ" ಎಂದರು.

"ಏನಾಗೈತ್ರಿ ಮೇಸ್ತ್ರಿ? ಇಷ್ಟು ಹೀಟ್ ಯಾಕ?"

"ಹೀಟ್ ಯಾಕ ಅನ್ನೋದು ಆಮೇಲೆ. ನೀರು ಎಲ್ಲಿ ಹೋತು, ಮೊದಲು ಅದನ್ನ ಕೇಳ್ರಿ."

ಕಾಯುವುದೆಂದರೆ ಮಾತಾಡುವುದು ತಾನೆ. ಕತ್ತಲಲ್ಲಿ ಬಸದಿಯ ದಿಕ್ಕಿಗೆ ಕೈ ತೋರಿಸಿ ಚಿಕ್ಕಪ್ಪ ಜಕ್ಕಿಯಬ್ಬೆಯ ಕಥೆ ತೆಗೆದರು. ಹತ್ತನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ 70 ಎಂಬ ನಾಡಿನ ಅಧಿಕಾರಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಅದೇ ಅಧಿಕಾರ ಅವಳಿಗೆ ಬಂತು. ಚೆನ್ನಾಗಿಯೇ ಆಳಿದಳು. ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ವಹಿಸಿ, ಇದೇ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಎಲ್ಲವೂ ಶಾಸನದಲ್ಲಿದೆ.

"ಆ ಕಾಲದಾಗ ಹೆಂಗಸಿಗೆ ನಾಡು ಕೊಟ್ಟಿದ್ರಾ!" ಎಂದು ಮೇಸ್ತ್ರಿ ಹುಬ್ಬೇರಿಸಿದರು.

"ಈ ಕಾಲದಾಗ ಜೀಪಿನ ಕೀಲಿನೂ ಕೊಡಂಗಿಲ್ಲ ನೋಡ್ರಿ," ಎಂದರು ಚಿಕ್ಕಮ್ಮ. ಕಣದ ಅಜ್ಜ ನಕ್ಕು ನಕ್ಕು ಕೆಮ್ಮಿದ.

ಎಂಜಿನ್ ಮೇಲೆ ಅಂಗೈಯಿಡುವಷ್ಟು ಆರಿದ ಮೇಲೆ ಮೇಸ್ತ್ರಿ ಎದ್ದರು. ರೇಡಿಯೇಟರಿನ ಕತ್ತಿನಿಂದ ಇಳಿದ ಸಣ್ಣ ಪೈಪಿನ ಗುಂಟ, ಚಾಸಿಯ ಮೇಲೆ, ಬಿಳಿ ಕರೆಯ ಗೆರೆ ಕಟ್ಟಿತ್ತು. ಬೋರ್‌ವೆಲ್ ನೀರಿನ ಸುಣ್ಣ. ನೀರು ಹೋಗುತ್ತಿದ್ದದ್ದು ಅಲ್ಲಿಂದ, ಅದೂ ಗಾಡಿ ಓಡುವಾಗ. ದಾರಿಯುದ್ದಕ್ಕೂ ಚೆಲ್ಲಿದ್ದು ಮನೆ ಮುಂದೆ ಎಲ್ಲಿ ಕಂಡೀತು? ಮುಚ್ಚಳ ತೆಗೆದು ತೋರಿಸಿದರು. ಒಳಗಿನ ರಬ್ಬರು ಒಣಗಿ ಸೀಳಿತ್ತು. ಕಾದಿದ್ದಾಗಲೂ ಹೋಸ್ ಪೈಪು ಮೆತ್ತಗಿದ್ದದ್ದು ಅದಕ್ಕೇ, ಒತ್ತಡ ನಿಲ್ಲುತ್ತಲೇ ಇರಲಿಲ್ಲ. ನಮ್ಮ ಸೀಮೆಯ ಎತ್ತರದಲ್ಲಿ ಬರೀ ನೀರು 98 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಗಟ್ಟಿ ಮುಚ್ಚಳ 7 ಪೌಂಡ್ ಒತ್ತಡ ಹಿಡಿದರೂ ಸಾಕು, ಕುದಿಯುವ ಬಿಸಿ ಹತ್ತು ಡಿಗ್ರಿಗಿಂತ ಹೆಚ್ಚೇ ಮೇಲೇರುತ್ತದೆ.

"ಸಿಕ್ತಲ್ಲ!" ಎಂದು ಚಿಕ್ಕಪ್ಪ ಎದ್ದೇಬಿಟ್ಟರು.

"ಕೂತ್ಕೊಳ್ರಿ. ಇವನು ಬಾಗಿಲು ತೆಗೆದು ಕೊಟ್ಟವನು. ಕದ್ದವನು ಒಳಗೈದಾನ."

ಚೀಲದಿಂದ ಬೇರೊಂದು ಮುಚ್ಚಳ ತೆಗೆದರು. ಅಜ್ಜನ ಕೊಡದ ನೀರನ್ನು ರೇಡಿಯೇಟರಿಗೆ ನಿಧಾನವಾಗಿ ತುಂಬಿ, ಮುಚ್ಚಳ ಬಿಗಿದು ಎಂಜಿನ್ ಚಾಲೂ ಮಾಡಿಸಿದರು. ಸ್ವಲ್ಪ ಹೊತ್ತಿಗೇ ನನ್ನನ್ನು ಕರೆದು ಹೋಸ್ ಪೈಪು ಮುಟ್ಟಿಸಿದರು. ಕಲ್ಲಿನಂತೆ ಬಿರುಸಾಗಿತ್ತು, ಆದರೆ ಕೈಗೆ ತಣ್ಣಗೆ!

"ನೀರು ಇನ್ನೂ ಕಾದಿಲ್ಲ. ಉಗಿ ಅಲ್ಲ ಅಂದಂಗಾತು. ಹಾಗಾದ್ರ ಈ ಒತ್ತಡ ಎಲ್ಲಿಂದ ಬಂತು, ತಮ್ಮಾ?"

ಸಿಲಿಂಡರಿನ ಹೊಗೆಯೇ ನೀರಿಗೆ ನುಗ್ಗುತ್ತಿತ್ತು. ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ತೆಗೆದರೆ, ಬ್ಯಾಟರಿ ಬೆಳಕಿನಲ್ಲಿ ಗುಳ್ಳೆ ಒಂದೇ ಸಮನೆ ಏಳುತ್ತಿತ್ತು. ಮೊದಲ ಗುಳ್ಳೆಗಳು ನೀರು ತುಂಬುವಾಗ ಸೇರಿದ ಗಾಳಿಯದ್ದೂ ಇರಬಹುದು ಎಂದು ಮೇಸ್ತ್ರಿ ಕಾದರು. ನಿಲ್ಲಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಕಪ್ಪಗೇ ಇತ್ತು, ಹಾಲಿನ ಬಣ್ಣ ತಿರುಗಿರಲಿಲ್ಲ. ಅಲ್ಲಿಗೆ ನೀರು ಸೇರಿಲ್ಲ.

ಆಮೇಲಿನದು ನಾನು ಎಂದೂ ಮರೆಯದ ಕೆಲಸ. ಓಡುತ್ತಿದ್ದ ಎಂಜಿನ್ನಿನ ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಿ, ಗುಳ್ಳೆ ನೋಡಿ, ಮತ್ತೆ ಬಿಗಿಯುತ್ತ ಹೋದರು. ಸಡಿಲಿಸಿದ ಸಿಲಿಂಡರಿಗೆ ಡೀಸೆಲ್ ಹೋಗದು, ಅಲ್ಲಿ ಉರಿಯೂ ಇರದು. ಒಂದನೆಯದರಲ್ಲಿ ಏನೂ ವ್ಯತ್ಯಾಸವಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದು ಸಡಿಲಾದದ್ದೇ ತಡ, ಗುಳ್ಳೆ ಕಂಡೂ ಕಾಣದಷ್ಟು ಇಳಿಯಿತು. ಬಿಗಿದರೆ ಮತ್ತೆ ಎದ್ದಿತು. "ಹೆಡ್ ಗ್ಯಾಸ್ಕೆಟ್. ಮೂರನೇದು," ಎಂದು ಕೈ ಒರೆಸಿಕೊಂಡರು.

ಹೊರಡುವ ಮೊದಲು ರೇಡಿಯೇಟರಿನ ಮುಂದೆ ಜಾಲಿಗೆ ಅಂಟಿದ್ದ ಭತ್ತದ ಹೊಟ್ಟು, ಜೋಳದ ಸಿಪ್ಪೆಗಳನ್ನೆಲ್ಲ ಪೊರಕೆ ಕಡ್ಡಿಯಿಂದ ಬಿಡಿಸಿದರು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣವಾಗುತ್ತದಲ್ಲ. ಮುಚ್ಚಳವನ್ನು ಮೊದಲ ಹಲ್ಲಿಗೆ ಮಾತ್ರ ಕೂರಿಸಿದರು, ಹೊಗೆ ಒಳಗೆ ಒತ್ತಡ ಕಟ್ಟದಿರಲಿ ಎಂದು. ಭಾರ ಕಡಿಮೆಯಾಗಲೆಂದು ಇಬ್ಬರು ಬೈಕ್ ಹತ್ತಿದರು. ಜೀಪು ನಿಂತು ನಿಂತು, ಆರಿ, ನೀರು ಕುಡಿದು ಮನೆ ಮುಟ್ಟಿತು. ರಾತ್ರಿಯ ಚಳಿಯೂ ಸಹಾಯಕ್ಕೆ ಬಂತು.

ಹೆಡ್ ಬಿಚ್ಚಿದ ದಿನ ಎಲ್ಲರೂ ಸುತ್ತ ನಿಂತಿದ್ದೆವು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ಟಿನ ಮೂರನೇ ಬಳೆಯಿಂದ ನೀರಿನ ತೂತಿನವರೆಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ದಾರಿ ಸುಟ್ಟುಕೊಂಡಿತ್ತು. ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು ಫೀಲರ್ ಗೇಜ್ ತೂರಿಸಿದರೆ ನಡುವೆ ಸಲೀಸಾಗಿ ಹೋಯಿತು. ಹೆಡ್ ಅಲ್ಯುಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಒಂದೇ ಬಿಸಿಗೆ ಅಲ್ಯುಮಿನಿಯಂ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪದೇ ಪದೇ ವಿಪರೀತ ಕಾದರೆ ಹೆಡ್ ಬಾಗುತ್ತದೆ, ಬಾಗಿದಲ್ಲಿ ಗ್ಯಾಸ್ಕೆಟ್ ಸುಡುತ್ತದೆ, ಸುಟ್ಟ ದಾರಿಯಲ್ಲಿ ಹೊಗೆ ನುಗ್ಗಿ ನೀರನ್ನು ಹೊರದೂಡುತ್ತದೆ, ನೀರಿಲ್ಲದೆ ಎಂಜಿನ್ ಇನ್ನೂ ಕಾಯುತ್ತದೆ.

ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ ಆಯಿತು. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಹಂತ ಹಂತವಾಗಿ ಟಾರ್ಕ್ ರೆಂಚಿನಲ್ಲಿ ಬಿಗಿದರು. ಹಿಂದೆ ಯಾರೋ ಕಿತ್ತೆಸೆದಿದ್ದ ಥರ್ಮೋಸ್ಟಾಟ್ ಮರಳಿ ಬಂತು. ಅದಿಲ್ಲದೆ ತಂಪಾಗಿರುತ್ತದೆಂಬುದು ಬರೀ ನಂಬಿಕೆ, ಡೀಸೆಲ್ ಎಂಜಿನ್ ಬೇಗ ಬಿಸಿಯೇರದಿದ್ದರೆ ಒಳಗೆ ಸವೆಯುತ್ತದೆ ಎಂದರು ಮೇಸ್ತ್ರಿ. ಬೋರ್‌ವೆಲ್ ನೀರಿನ ಬದಲು ಕೂಲಂಟ್ ಬಿತ್ತು. ಹೊರಚೆಲ್ಲುವ ಪೈಪಿಗೆ ಒಂದು ಬಾಟಲಿ ಕೂರಿಸಿದರು. ಕಾದಾಗ ಹಿಗ್ಗಿ ಅದರೊಳಗೆ ಹೋದದ್ದು ಆರಿದಾಗ ವಾಪಸು ಬರುತ್ತದೆ. ಆಮೇಲೆ ನೀರು ಹೋಗಲಿಲ್ಲ.

ಸುಟ್ಟ ಗ್ಯಾಸ್ಕೆಟ್ಟನ್ನು ಮೇಸ್ತ್ರಿ ಕೇಳಿ ಒಯ್ದರು. ಈಗ ಅದು ಅವರ ಗ್ಯಾರೇಜಿನ ಗೋಡೆಯ ಮೊಳೆಗೆ ನೇತಾಡುತ್ತಿದೆ. "ಹೀಟ್ ಆಗ್ತೈತಿ, ರೇಡಿಯೇಟರ್ ಬದಲಾಯಿಸಿ ಬಿಡ್ರಿ" ಎಂದು ಬಂದವರಿಗೆಲ್ಲ ಅದರ ಕಪ್ಪು ಗೆರೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. "ಬದಲಾಯಿಸೋಣಂತೆ. ನೀರು ಎಲ್ಲಿ ಹೋತು, ಮೊದಲು ಅದನ್ನ ಹೇಳ್ರಿ."